ಗಂಗಮ್ಮನವರನ್ನು ಕರೆಯಲು ಹೋದದ್ದು

ಟೂರ್ ಮ್ಯಾನೇಜರ್ ಕೆಲಸಕ್ಕೆ ಸೇರಬೇಕೆಂದಿರುವ ಹುಡುಗ ಹುಡುಗಿಯರು ಆಗಾಗ ತುಮಕೂರಿನ ನಮ್ಮ ಮನೆಗೆ ಬರುತ್ತಾರೆ. ಕಾಫಿ ಲೋಟ ಕೈಗೆ ಸಿಗುವ ಮೊದಲೇ ಅವರು ಕೇಳುವ ಪ್ರಶ್ನೆ, "ಅಂಕಲ್, ದುಬೈನ ಆ ಕಟ್ಟಡದ ಮೇಲಿಂದ ಹೇಗೆ ಕಾಣುತ್ತೆ?" ಪ್ರಪಂಚದಲ್ಲೇ ಎತ್ತರದ್ದು ಎಂದು ಹೆಸರಾದ ಕಟ್ಟಡ ಅದು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಜನರನ್ನು ಕಟ್ಟಿಕೊಂಡು ಅದರ ಬುಡಕ್ಕೆ ಎಷ್ಟು ಸಲ ಹೋಗಿದ್ದೇನೋ ನನಗೇ ನೆನಪಿಲ್ಲ. ನೆತ್ತಿಯ ಮೇಲೆ ನಿಂತು ಊರು ನೋಡುವ ಆ ಜಾಗಕ್ಕೆ ಮಾತ್ರ ಹತ್ತಿದ್ದು ಒಂದೇ ಸಲ. ಅದೂ ಊರು ನೋಡಲು ಹೋದದ್ದಲ್ಲ.

ಕೇಳಿದವರು ನಂಬುವುದಿಲ್ಲ. ಆದರೆ ಈ ಕಸುಬಿನಲ್ಲಿ ಮೊದಲು ಕಲಿಯಬೇಕಾದದ್ದೇ ಇದು: ಜನ ಮೇಲೆ ಹೋದಾಗ ನೀವು ಕೆಳಗಿರಬೇಕು. ಯಾರಿಗೋ ಮಂಡಿ ನೋವು, ಯಾರಿಗೋ ಲಿಫ್ಟ್ ಎಂದರೆ ಎದೆ ಢವಗುಟ್ಟುತ್ತದೆ, ಇನ್ಯಾರೋ "ಅದೇನ್ ಮೇಲಿಂದ ನೋಡೋದು, ದೇವರಾಯನದುರ್ಗ ಹತ್ತಿಲ್ವಾ ನಾವು?" ಎಂದು ಕೂತುಬಿಡುತ್ತಾರೆ. ಅವರಿಗೂ, ಮೇಲೆ ಹೋದವರ ಚೀಲಗಳಿಗೂ ಒಬ್ಬ ಕಾವಲುಗಾರ ಬೇಕು.

ಗುಂಪು ದೊಡ್ಡದಿದ್ದರೆ ಮ್ಯಾನೇಜರಿಗೆಂದು ಒಂದು ಟಿಕೆಟ್ ಬಿಟ್ಟಿ ಸಿಗುತ್ತದೆ. ಆ ಟಿಕೆಟ್ಟಿನಲ್ಲಿ ನೀವೇ ಹತ್ತಿ ಕೂತರೆ ನಿಮಗೆ ವ್ಯಾಪಾರ ಗೊತ್ತಿಲ್ಲ ಎಂದರ್ಥ. ಅಲ್ಲಿನ ಬಸ್ ಡ್ರೈವರನ ತಮ್ಮನೋ ಭಾವಮೈದುನನೋ ಊರಿನಿಂದ ಹೊಸದಾಗಿ ಬಂದಿರುತ್ತಾನೆ. ದಿನವೂ ಕಟ್ಟಡವನ್ನು ಕೆಳಗಿನಿಂದ ನೋಡುತ್ತಾನೆ, ಹತ್ತುವ ಯೋಗವಿರುವುದಿಲ್ಲ. ಅವನಿಗೆ ಕೊಡಿ. ಆಮೇಲೆ ಆ ಡ್ರೈವರ್ ನಿಮ್ಮ ಅಜ್ಜಿಯರನ್ನು ಬಾಗಿಲ ಹತ್ತಿರವೇ ಇಳಿಸುತ್ತಾನೆ, ತಡವಾದರೆ ಹಾರ್ನ್ ಹೊಡೆಯುವುದಿಲ್ಲ. ನಾನು ಪ್ರತಿ ಸಲವೂ ಹಾಗೇ ಮಾಡಿದೆ. ಅದು ತಿರುಗಿ ಬಡಿದದ್ದು ಒಮ್ಮೆ ಮಾತ್ರ. ಅದನ್ನೇ ಹೇಳಲು ಹೊರಟಿದ್ದೇನೆ.

ಈ ಕೆಲಸವನ್ನು ನಾನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಬಿ.ಎಚ್. ರಸ್ತೆಯ ಬದಿಯಲ್ಲಿ ಮೆಟಡೋರ್ ನಿಲ್ಲಿಸಿಕೊಂಡು "ಧರ್ಮಸ್ಥಳ, ಧರ್ಮಸ್ಥಳ" ಎಂದು ಕೂಗುತ್ತಾ ಕಲಿತೆ. ಆಗಿನ ನಮ್ಮ ಯಜಮಾನರು ಬಾಯಿ ತೆರೆದರೆ ಬೈಗುಳ. "ಕೂರಬೇಡ ಕಣಯ್ಯ! ನೀನು ಕೂತ್ರೆ ಅವರು ಮಲಗ್ತಾರೆ" ಎನ್ನುತ್ತಿದ್ದರು. ಅಂದಿನಿಂದ ನಾನು ಕೂತಿಲ್ಲ. ಈಗ ನಿವೃತ್ತನಾಗಿದ್ದೇನೆ, ಆದರೂ ಬೆಳಿಗ್ಗೆ ಎದ್ದರೆ ಬಾಗಿಲಿಗೂ ಗೇಟಿಗೂ ಓಡಾಡುತ್ತಿರುತ್ತೇನೆ. ನನ್ನ ಹೆಂಡತಿ "ಯಾವ ಬಸ್ಸು ತಪ್ಪೋಗ್ತಿದೆ ನಿಮಗೆ?" ಎಂದು ಕೇಳುತ್ತಾಳೆ. ನಾನು ಮತ್ತೆ ಗೇಟಿನ ಕಡೆ ಹೊರಡುತ್ತೇನೆ.

ತಲೆ ಎಣಿಸುವುದನ್ನೂ ಆ ಯಜಮಾನರೇ ಹೇಳಿಕೊಟ್ಟರು. ಆದರೆ ನಮ್ಮ ಜನರಿಗೆ ಅದು ಆಗಿಬರುವುದಿಲ್ಲ. ಊರ್ಡಿಗೆರೆಯ ಅಜ್ಜಿಯೊಬ್ಬರು ಬಸ್ಸಿನಲ್ಲಿ ಎಲ್ಲರೆದುರು ನನ್ನನ್ನು ತರಾಟೆಗೆ ತೆಗೆದುಕೊಂಡರು. "ಏನ್ಲಾ, ಕುರಿ ಎಣಿಸ್ದಂಗೆ ಬೆರಳು ತೋರಿಸ್ತೀಯಲ್ಲ, ದೃಷ್ಟಿ ಆಗಲ್ವಾ? ಒಬ್ಬರು ಕಮ್ಮಿ ಆದ್ರೆ ನಿನ್ನ ಬಾಯಿಂದಲೇ ಆಗೋದು!" ಅಂದೇ ಎಣಿಸುವುದನ್ನು ಬಿಟ್ಟೆ. ಎಲ್ಲರಿಗೂ ಒಬ್ಬೊಬ್ಬರನ್ನು ಜೊತೆ ಹಾಕಿದೆ. ಗಂಡನಿಗೆ ಹೆಂಡತಿ, ಅಕ್ಕನಿಗೆ ತಂಗಿ, ಒಂಟಿ ಬಂದವರಿಗೆ ಇನ್ನೊಬ್ಬ ಒಂಟಿ. ಬಸ್ಸು ಹೊರಡುವ ಮೊದಲು ಕೇಳುವುದು ಇಷ್ಟೇ, "ನಿಮ್ಮ ಜೊತೆ ಬಂದ್ರಾ?" ಎಲ್ಲರೂ "ಬಂದ್ರು" ಎಂದರೆ ರೈಟ್. ನಿಯಮ ಒಂದೇ: ಏನೇ ಆಗಲಿ, ಜೊತೆಯನ್ನು ಬಿಟ್ಟು ಬರಬಾರದು.

ವಿದೇಶ ಪ್ರವಾಸ ಶುರುವಾದ ಮೇಲೆ ಕಲಿತದ್ದು ಬೇರೆ. ಗಲ್ಫ್ ಕಡೆ ಗಸಗಸೆ ಒಯ್ಯುವಂತಿಲ್ಲ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಇದನ್ನು ನಮ್ಮ ಹೆಂಗಸರಿಗೆ ಹೇಳಿದರೆ ನಗುತ್ತಾರೆ. "ಪಾಯಸ ಮಾಡೋ ಗಸಗಸೆಗೆ ಜೈಲಾ?" ಎಂದು ಕೇಳಿ, ಇರಲಿ ಎಂದು ಸೀರೆ ಮಡಿಕೆಯಲ್ಲಿ ಇಟ್ಟುಕೊಂಡೇ ಬರುತ್ತಾರೆ. ಅದಕ್ಕೆ ನಾನು ತುಮಕೂರಿನಲ್ಲೇ, ಬಸ್ ಹತ್ತುವ ಮೊದಲೇ, ಬ್ಯಾಗು ಬಿಚ್ಚಿಸುತ್ತಿದ್ದೆ. ಬೈಸಿಕೊಂಡೆ. ಪರವಾಗಿಲ್ಲ, ನಮ್ಮೂರಲ್ಲಿ ಬೈಸಿಕೊಳ್ಳುವುದು ಅಗ್ಗ.

ಪದ್ಧತಿಗಳೂ ಬದಲಾದವು. ಯಾತ್ರೆಯ ಕಾಲದಲ್ಲಿ ಕ್ಯೂ ಉದ್ದವಿದ್ದರೆ ಯಾರ ಕೈಕಾಲಾದರೂ ಹಿಡಿದು ಒಳಗೆ ನುಗ್ಗಿಸಬಹುದಿತ್ತು. ಈಗ ಎಲ್ಲದಕ್ಕೂ ಸ್ಲಾಟ್. ಆ ಕಟ್ಟಡಕ್ಕಂತೂ ಯಾವ ಹೊತ್ತಿಗೆ ಹತ್ತಬೇಕೆಂಬುದು ಟಿಕೆಟ್ಟಿನಲ್ಲೇ ಇರುತ್ತದೆ. ಎಲ್ಲರಿಗೂ ಸೂರ್ಯ ಮುಳುಗುವ ಹೊತ್ತೇ ಬೇಕು. ಹೊತ್ತು ಮೀರಿತೋ, ನಿಮ್ಮ ಮಾತಿನ ಚಾತುರ್ಯ ಆ ಗೇಟಿನಲ್ಲಿ ನಡೆಯುವುದಿಲ್ಲ. ಯಂತ್ರದ ಜೊತೆ ಚೌಕಾಸಿ ಮಾಡುವುದು ನನಗೆ ಇವತ್ತಿಗೂ ಬರುವುದಿಲ್ಲ.

ಈಗ ಗಂಗಮ್ಮನವರ ವಿಷಯ.

ಗುಬ್ಬಿಯಲ್ಲಿರುವ ಅವರ ಮಗಳು ನಮ್ಮ ಆಫೀಸಿಗೆ ಬಂದು ಸೀಟು ಬುಕ್ ಮಾಡಿದಳು. "ಅಪ್ಪ ಹೋದ್ಮೇಲೆ ಅಮ್ಮ ಎಲ್ಲೂ ಹೊರಟಿಲ್ಲ. ನಮ್ಮನೆಗೆ ಬಂದು ಸೇರಿಕೊಂಡು ಮೂರು ವರ್ಷ ಆಯ್ತು. ನೀವೇ ನೋಡ್ಕೊಂಡು ಕರ್ಕೊಂಡು ಬನ್ನಿ" ಎಂದಳು. ಅದೇ ವಾರ ಕುಣಿಗಲ್‌ನಿಂದ ಜಯಮ್ಮ ಎನ್ನುವವರ ಹೆಸರು ಬಂತು. ಗಂಡ ಬರುತ್ತಿಲ್ಲ, ಹಸು ನೋಡಿಕೊಳ್ಳಬೇಕಂತೆ, ಅವರೊಬ್ಬರೇ. ತುಂಬಿಕೊಟ್ಟ ಅರ್ಜಿ ನೋಡಿದರೆ ಇಬ್ಬರ ಗಂಡನ ಊರೂ ಕೊತ್ತಗೆರೆ, ಮಾವನ ಹೆಸರೂ ಒಂದೇ. ಓರಗಿತ್ತಿಯರು! ಒಂದೇ ಮನೆಗೆ ಬಂದ ಸೊಸೆಯರು, ಅಣ್ಣನ ಹೆಂಡತಿ ಮತ್ತು ತಮ್ಮನ ಹೆಂಡತಿ. ನನಗೆ ಹಬ್ಬವಾಯಿತು. ಇಬ್ಬರಿಗೂ ಒಂದೇ ರೂಮು, ಒಬ್ಬರಿಗೊಬ್ಬರು ಜೊತೆ. ಕೇಳಲೇ ಇಲ್ಲ.

ವಿಮಾನ ನಿಲ್ದಾಣದಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದಾಗ ಗಂಗಮ್ಮನವರು ಛಾವಣಿ ನೋಡಿದರು, ಜಯಮ್ಮ ನೆಲ ನೋಡಿದರು. ಮೊದಲ ದಿನ ಹೋಟೆಲಿನಲ್ಲಿ ನನ್ನ ರೂಮಿನ ಫೋನ್ ಹೊಡೆದುಕೊಂಡಿತು. ಗಂಗಮ್ಮನವರು. "ಮ್ಯಾನೇಜರ್ರೇ, ಈವಮ್ಮಂಗೆ ಹೇಳಿ, ಎ.ಸಿ. ಕಮ್ಮಿ ಮಾಡ್ಲಿ."

"ಅಮ್ಮ, ಅವರು ನಿಮ್ಮ ಪಕ್ಕದ ಮಂಚದಲ್ಲೇ ಇದಾರಲ್ವಾ?"

"ಅದಕ್ಕೇ ನಿಮಗೆ ಹೇಳ್ತಿರೋದು."

ಬಸ್ಸಿನಲ್ಲಿ ಗಂಗಮ್ಮನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ನಿಂತು ವಿಚಾರಿಸಿದೆ. ಜಯಮ್ಮನವರು ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದಾಗ, ಅದೇ ಬೀದಿಯಲ್ಲಿದ್ದ ಗಂಗಮ್ಮನವರಿಗೆ ಆಹ್ವಾನ ಪತ್ರಿಕೆಯನ್ನು ಹಾಲಿನವನ ಕೈಲಿ ಕಳಿಸಿದ್ದರು. ಅಷ್ಟೇ. "ಅಷ್ಟೇ" ಎಂದು ನಾನು ಬರೆಯುತ್ತಿದ್ದೇನೆ, ನಮ್ಮ ಕಡೆಯವರು ಯಾರೂ ಹಾಗೆನ್ನುವುದಿಲ್ಲ. ಪತ್ರಿಕೆ ಇರಲಿ ಬಿಡಲಿ, ಮನೆಯ ಹೆಂಗಸು ಕುಂಕುಮ ಹಿಡಿದು ಹೊಸ್ತಿಲಿಗೆ ಬಂದು ಕರೆಯಬೇಕು. ಆಗ ಮಾತ್ರ ಕರೆದ ಹಾಗೆ.

"ಮಗು ಥರ ಸಾಕಿದ್ದೆ ಕಣಪ್ಪ ಅವಳ್ನ. ಮದುವೆಯಾಗಿ ಬಂದಾಗ ಒಲೆ ಹಚ್ಚಕ್ಕೆ ಬರ್ತಿರ್ನಿಲ್ಲ. ನಾಕು ಹೆಜ್ಜೆ ಬಂದು ಕರ್ಯಕ್ಕಾಗ್ಲಿಲ್ವಾ ಅವಳಿಗೆ?" ಎಂದರು ಗಂಗಮ್ಮ. ಗೃಹಪ್ರವೇಶಕ್ಕೆ ಹೋಗಲಿಲ್ಲ. ಸ್ವಲ್ಪ ದಿನಕ್ಕೆ ಊರನ್ನೇ ಬಿಟ್ಟು ಗುಬ್ಬಿಯ ಮಗಳ ಮನೆ ಸೇರಿದರು. ಮಾತು ಅಲ್ಲಿಗೆ ನಿಂತಿತು.

ಪ್ರವಾಸವೆಲ್ಲ ನಾನು ಅವರಿಬ್ಬರ ನಡುವೆ ಅಂಚೆಯವನಾದೆ. ರೂಮು ಬದಲಿಸೋಣವೆಂದರೆ ಯಾರೂ ಒಪ್ಪಲಿಲ್ಲ. ಹುಡುಗರೇ, ರೂಮು ಹಂಚುವ ಮೊದಲು ಯಾರು ಯಾವ ಊರೆಂದು ನೋಡಬೇಡಿ. ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆಂದು ಕೇಳಿ. ನಾಚಿಕೆಪಡದೆ ಕೇಳಿ.

ಕೊನೆಯ ದಿನ ಸಂಜೆ ಆ ಕಟ್ಟಡ. ಅಲ್ಲಿಂದ ನೇರ ವಿಮಾನ ನಿಲ್ದಾಣಕ್ಕೆ. ಲಗೇಜೆಲ್ಲ ಬಸ್ಸಿನಲ್ಲಿತ್ತು. ನನ್ನ ಬಿಟ್ಟಿ ಟಿಕೆಟ್ಟು ಡ್ರೈವರನ ತಮ್ಮನ ಕೈಲಿತ್ತು. ಎಲ್ಲರನ್ನೂ ಮೇಲೆ ಕಳಿಸಿ ನಾನು ಎಂದಿನಂತೆ ಚೀಲಗಳ ನಡುವೆ ಶತಪಥ ಹಾಕುತ್ತಿದ್ದೆ. ಸ್ವಲ್ಪ ಹೊತ್ತಿಗೆ ಗುಂಪು ಗುಂಪಾಗಿ ಇಳಿದು ಬಂದರು, ಮುಖ ಅರಳಿಸಿಕೊಂಡು, ಫೋಟೋ ತೋರಿಸಿಕೊಂಡು. ಆಗ ನಮ್ಮ ಗುಂಪಿನಲ್ಲಿದ್ದ ಗುಬ್ಬಿಯ ಮೇಷ್ಟ್ರೊಬ್ಬರು ಮೇಲಿಂದ ಫೋನ್ ಮಾಡಿದರು. ಅವರಿಗೆ ಅಲ್ಲಿನದೊಂದು ಸಿಮ್ ಕೊಡಿಸಿದ್ದೆ.

"ರೀ ಮ್ಯಾನೇಜರ್ರೇ, ಗಂಗಮ್ಮನೋರು ಇಳಿಯಲ್ಲ ಅಂತಾರೆ."

"ಯಾಕೆ ಸಾರ್, ಹುಷಾರಿಲ್ವಾ?"

"ಹುಷಾರಾಗೇ ಇದಾರೆ. ಗಾಜು ಹಿಡ್ಕೊಂಡು ನಿಂತುಬಿಟ್ಟಿದಾರೆ. ಜೊತೆ ಇಲ್ದೆ ಇಳಿಯಲ್ವಂತೆ."

ತಿರುಗಿ ನೋಡಿದೆ. ಜಯಮ್ಮ ನನ್ನ ಹಿಂದೆಯೇ ಚೀಲದ ಮೇಲೆ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದರು.

"ಜಯಮ್ಮನೋರೇ! ನೀವು ಯಾವಾಗ ಇಳಿದ್ರಿ?"

"ಕಿವಿ ಗುಂಯ್ ಅಂತು ಕಣಪ್ಪ, ತಲೆ ತಿರುಗ್ತು. ಕಣ್ಣೇ ಬಿಡ್ನಿಲ್ಲ ನಾನು. ಯಾರೋ ಇಳೀತಿದ್ರು, ಅವರ ಹಿಂದೆ ಬಂದ್ಬುಟ್ಟೆ."

"ಅವರಿಗೆ ಒಂದು ಮಾತು ಹೇಳಿ ಬರಬಾರದಾ?"

"ಹೆಂಗೇಳ್ಲಿ? ನಾವು ಮಾತಾಡಲ್ವಲ್ಲ."

ಫೋನಿನಲ್ಲಿ ಗಂಗಮ್ಮನವರನ್ನು ಹಿಡಿದೆ. ಅವರ ದನಿಯಲ್ಲಿ ಆತುರವೇ ಇರಲಿಲ್ಲ. "ನೀವೇ ಹೇಳಿದ್ದು, ಜೊತೆ ಬುಟ್ಟು ಬರಬ್ಯಾಡಿ ಅಂತ. ನಾನು ಬುಟ್ಟು ಬರೋಳಲ್ಲ. ಹೇಳ್ದೆ ಕೇಳ್ದೆ ಬುಟ್ಟು ಹೋಗೋದು ಅವಳ ಬುದ್ಧಿ."

"ಅಮ್ಮ, ಪ್ಲೇನು ಹೋಗ್ಬಿಡುತ್ತೆ."

"ಹೋಗ್ಲಿ. ಅವ್ಳು ಬಂದು ಕರೀಲಿ, ಬತ್ತೀನಿ."

"ಫೋನ್ ಕೊಡ್ತೀನಿ, ಇಲ್ಲಿಂದಲೇ ಕರೀತಾರೆ."

"ಫೋನಲ್ಲಿ ಕರ್ಯಕ್ಕೆ ನಾನೇನ್ ಆಟೋನಾ? ಅವತ್ತು ಹಾಲ್ನೋನ್ ಕೈಲಿ, ಇವತ್ತು ಮೇಷ್ಟ್ರ ಫೋನಲ್ಲಿ. ಬ್ಯಾಡ ಬುಡಿ."

ಇಷ್ಟು ಹೊತ್ತಿಗೆ ಡ್ರೈವರ್ ಎರಡು ಸಲ ಫೋನ್ ಮಾಡಿದ್ದ. ಇಳಿದು ಬಂದವರು ನನ್ನ ಸುತ್ತ ನಿಂತು ಸಲಹೆ ಕೊಡತೊಡಗಿದರು. ಒಬ್ಬರು "ಪೊಲೀಸ್ ಕರೀರಿ" ಎಂದರು, ಇನ್ನೊಬ್ಬರು "ಬಿಟ್ಟು ಹೋಗೋಣ, ಹಠ ತಾನಾಗೇ ಇಳಿಯುತ್ತೆ" ಎಂದರು. ಜಯಮ್ಮನವರನ್ನು ಎಬ್ಬಿಸಿದೆ. "ಬನ್ನಿ, ಹೋಗಿ ಕರೆಯೋಣ." ಅವರು ತಲೆ ಅಲ್ಲಾಡಿಸಿದರು. "ನನ್ಕೈಲಿ ಆಗಲ್ಲ ಕಣಪ್ಪ." ಲಿಫ್ಟಿನ ಭಯ ಎಂದುಕೊಂಡೆ. "ನಾನಿರ್ತೀನಿ, ಕಣ್ಣು ಮುಚ್ಕೊಂಡೇ ಬನ್ನಿ" ಎಂದು ಕೈ ಹಿಡಿದು ಎಳೆದುಕೊಂಡೇ ಹೋದೆ.

ಗೇಟಿನಲ್ಲಿ ಟಿಕೆಟ್ಟಿಲ್ಲ. ಕೊಂಡುಕೊಳ್ಳೋಣವೆಂದರೆ ಸಂಜೆಯ ಸ್ಲಾಟೆಲ್ಲ ಮುಗಿದಿತ್ತು. ಅಲ್ಲಿದ್ದ ಮೇಲ್ವಿಚಾರಕಿ ಕೇರಳದ ಹೆಣ್ಣುಮಗಳು. ನನ್ನ ಮುರುಕು ಹಿಂದಿಯಲ್ಲಿ ಮೊದಲು ಗೋಗರೆದೆ. ಆಗಲಿಲ್ಲ. ನಾನು ಹಳೆಯ ಗಿರಾಕಿ, ಎಷ್ಟೊಂದು ಜನರನ್ನು ತಂದಿದ್ದೇನೆ ಎಂದೆ. ಅದಕ್ಕೂ ಬಗ್ಗಲಿಲ್ಲ. ಆಮೇಲೆ ಬುದ್ಧಿ ಬಂತು. ಚೌಕಾಸಿಯಲ್ಲಿ ನಮ್ಮ ಕಷ್ಟ ಹೇಳಿಕೊಂಡರೆ ಯಾರೂ ಕರಗುವುದಿಲ್ಲ. ಎದುರಿನವರ ಕಷ್ಟವನ್ನು ನಾವು ಹೇಳಬೇಕು. "ಮೇಡಂ, ನಮ್ಮ ಅಜ್ಜಿ ಮೇಲೆ ಗಾಜಿನ ಹತ್ತಿರ ಜಾಗ ಹಿಡಿದಿದ್ದಾರೆ. ನಾಳೆಯವರೆಗೂ ಬಿಡುವುದಿಲ್ಲ, ನನಗೆ ಅವರು ಗೊತ್ತು. ನೀವು ಎಳೆದರೆ ಅಲ್ಲಿರುವವರೆಲ್ಲ ವಿಡಿಯೋ ಮಾಡುತ್ತಾರೆ. ಈ ಅಜ್ಜಿ ಹೋಗಿ ಕರೆದರೆ ಸದ್ದಿಲ್ಲದೆ ಇಳಿಯುತ್ತಾರೆ. ಇಬ್ಬರು ಹತ್ತುತ್ತೇವೆ, ಮೂವರು ಇಳಿಯುತ್ತೇವೆ. ನಿಮಗೆ ಒಂದು ತಲೆ ಲಾಭ." ಆಕೆ ವಾಕಿಟಾಕಿಯಲ್ಲಿ ಮೇಲಿನವರನ್ನು ಏನೋ ಕೇಳಿದಳು. ಉತ್ತರ ಬಂತು. ನಗು ತಡೆದುಕೊಂಡು, ಸಿಬ್ಬಂದಿಯ ಹುಡುಗಿಯೊಬ್ಬಳನ್ನು ಕಾವಲಿಗೆ ಕೊಟ್ಟು, ನಮ್ಮನ್ನು ಒಳಗೆ ಬಿಟ್ಟಳು.

ಲಿಫ್ಟಿನ ಬಾಗಿಲು ಮುಚ್ಚಿತು. ಕೊನೆಗೆ ನಮಗೆ ವಿಮಾನ ಸಿಕ್ಕಿತು, ಆದರೆ ಆ ಹೊತ್ತಿನಲ್ಲಿ ಅದು ನನಗೇನು ಗೊತ್ತು? ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ವಾಲುತ್ತಾ, ಜಯಮ್ಮನವರಿಗೆ ಪಾಠ ಹೇಳುತ್ತಿದ್ದೆ. "ಜಾಸ್ತಿ ಮಾತು ಬೇಡ. ಪರ್ಸಲ್ಲಿ ಕುಂಕುಮ ಇರುತ್ತಲ್ಲ ನಿಮ್ಮ ಹತ್ರ? ಅವತ್ತಿನ ಬಾಕಿ ಇವತ್ತು ತೀರಿಸಿ. ಕುಂಕುಮ ಕೊಟ್ಟು ಕರೀರಿ, ಮುಗೀತು."

ಅವರು ಕಣ್ಣು ತೆರೆದು ನನ್ನನ್ನೇ ನೋಡಿದರು. "ಅವಳಿಗೆ ಹೆಂಗ್ ಕೊಡ್ಲಪ್ಪ? ಭಾವ ಇಲ್ವಲ್ಲ."

ಗಂಡ ತೀರಿಕೊಂಡ ಹೆಂಗಸಿಗೆ ನಮ್ಮ ಕಡೆ ಕುಂಕುಮ ಕೊಡುವುದಿಲ್ಲ. ಮಗಳು ಬುಕ್ಕಿಂಗ್ ಮಾಡುವಾಗಲೇ ಹೇಳಿದ್ದಳು, ನಾನು ಅದನ್ನು ಒಂಟಿ ಸೀಟು ಎಂದಷ್ಟೇ ಕೇಳಿಸಿಕೊಂಡಿದ್ದೆ. ಈ ಹೆಂಗಸಿಗೆ ಭಯವಾಗಿದ್ದು ಲಿಫ್ಟಿನದಲ್ಲ.

ಬಾಗಿಲು ತೆರೆಯಿತು. ಜನವೋ ಜನ, ಎಲ್ಲರ ಕೈಯೂ ಮೇಲೆ, ಫೋನು ಹಿಡಿದು. ಹೊರಗೆ ಸೂರ್ಯ ಮರಳಿನ ಮೇಲೆ ಕೆಂಪಗೆ ಕೂತಿದ್ದನೇನೋ, ನಾನು ನೋಡಿದ್ದು ಗಂಗಮ್ಮನವರ ಬೆನ್ನು. ಮೇಷ್ಟ್ರು ನಮ್ಮನ್ನು ಕಂಡು "ಅಬ್ಬಾ" ಎಂದು ಪಕ್ಕಕ್ಕೆ ಸರಿದರು. ಗಂಗಮ್ಮ ತಿರುಗಲಿಲ್ಲ. ಗಾಜಿನಲ್ಲಿ ನಮ್ಮ ನೆರಳು ಕಂಡಿರಬೇಕು.

"ಯಾರು ಕಳಿಸಿದ್ರು?" ಎಂದು ಗಾಜಿಗೇ ಕೇಳಿದರು.

"ಯಾರೂ ಕಳಿಸ್ನಿಲ್ಲ. ನಾನೇ ಬಂದೆ ಕಣಕ್ಕ."

"ಅವತ್ತು ಬರ್ನಿಲ್ವಲ್ಲ."

"ಅವತ್ತೂ ಬಂದಿದ್ದೆ," ಎಂದರು ಜಯಮ್ಮ. "ತಟ್ಟೆ ಹಿಡ್ಕೊಂಡು ನಿಮ್ಮ ಜಗಲಿಗಂಟ ಬಂದಿದ್ದೆ. ಭಾವ ಹೋಗಿ ವರ್ಷ ತುಂಬಿರ್ನಿಲ್ಲ. ಕುಂಕುಮ ಮುಂದೆ ಹಿಡಿದ್ರೆ ನಿನ್ ಹೊಟ್ಟೆ ಉರೀತದೆ. ಬರಿಗೈಲಿ ಕರೆದ್ರೆ, ರಂಡೆ ಅಂತ ಬರಿಗೈಲಿ ಬಂದ್ಳು ಅಂದ್ಕೋತೀಯ. ಏನ್ ಕೊಟ್ಟು ಕರೀಲಿ ನಿನ್ನ? ತಿಳೀನಿಲ್ಲ. ವಾಪಸ್ ಹೋಗಿ ಹಾಲ್ನೋನ್ ಕೈಲಿ ಕಳಿಸ್ದೆ."

ಗಂಗಮ್ಮ ತಿರುಗಿದರು. "ಜಗಲಿಗಂಟ ಬಂದಿದ್ಯಾ?"

"ಹೂಂ."

"ಸುಳ್ಳು. ನಾಯಿ ಬೊಗಳ್ನಿಲ್ಲ."

"ನಿಮ್ಮ ನಾಯಿ ನನ್ನ ನೋಡಿ ಯಾಕೆ ಬೊಗಳ್ತದೆ? ಮರಿಯಿಂದ ಹಿಟ್ಟು ಹಾಕ್ದೋಳು ನಾನು!"

ಮೇಷ್ಟ್ರು ಕೆಮ್ಮಿದರು. ಕಾವಲಿಗೆ ಬಂದ ಹುಡುಗಿ ನನ್ನ ಮುಖ ನೋಡಿ ಗಡಿಯಾರ ತೋರಿಸಿದಳು. ನನ್ನ ಜೇಬಿನಲ್ಲಿ ಫೋನು ನಡುಗಿತು, ಮೂರನೆಯ ಸಲ ಡ್ರೈವರ್. ಅದನ್ನು ಎತ್ತದೆ ಆರಿಸಿಬಿಟ್ಟೆ. ಒಳ್ಳೆಯದೇ ಆಯಿತು.

ಗಂಗಮ್ಮ ತಂಗಿಯನ್ನು ಬಯ್ಯುವ ಹಾಗೆ ಬಯ್ದರು. "ಏನಾದ್ರೂ ಕೊಟ್ಟೇ ಕರೀಬೇಕಾ? ಬಾಯಿರ್ನಿಲ್ವಾ ನಿಂಗೆ? ಬಾಯಲ್ಲಿ ಕರ್ಯದಲ್ವಾ?"

ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು, ಕಣ್ಣು, ಕೆನ್ನೆ, ಹಣೆ, ಎಲ್ಲವನ್ನೂ ಒಟ್ಟಿಗೆ. ಆಮೇಲೆ ಕರೆದರು.

"ಬಾರಕ್ಕ."

ಗಂಗಮ್ಮ ಕೂಡಲೇ ಬರಲಿಲ್ಲ. ಜಯಮ್ಮನ ಮುಖವನ್ನೇ ನೋಡುತ್ತಿದ್ದರು. "ಅಯ್ಯೋ ಹುಚ್ಚು ಮುಂಡೇದೆ, ಹಣೆ ಎಲ್ಲಾ ಒರೆಸ್ಕೊಂಡ್ಯಲ್ಲೇ. ಎಲ್ಲಿ, ಕೊಡಿಲ್ಲಿ," ಎಂದು ಅವರ ಪರ್ಸನ್ನು ತಾವೇ ತೆಗೆದು, ಕುಂಕುಮದ ಪುಟ್ಟ ಡಬ್ಬಿ ಹುಡುಕಿ, ಮುಚ್ಚಳ ಬಿಚ್ಚಿದರು. ಬೆರಳನ್ನು ಅದ್ದುವ ಮೊದಲು ಒಂದು ಕ್ಷಣ ತಡೆದರು. ಜಯಮ್ಮ ಹಿಂದೆ ಸರಿಯಲಿಲ್ಲ. ಹಣೆಯನ್ನು ಇನ್ನಷ್ಟು ಮುಂದಕ್ಕೆ ಚಾಚಿ, ಕಣ್ಣು ಬಿಟ್ಟುಕೊಂಡೇ ನಿಂತರು. ಗಂಗಮ್ಮ ಎರಡು ಹುಬ್ಬುಗಳ ನಡುವೆ ಒತ್ತಿ ದುಂಡಗೆ ಇಟ್ಟರು, ಮೂಗಿನ ಮೇಲೆ ಉದುರಿದ್ದನ್ನು ಹೆಬ್ಬೆರಳಿನಿಂದ ಒರೆಸಿದರು.

ಆಮೇಲೆ ಡಬ್ಬಿ ಮುಚ್ಚಿ, ಪರ್ಸನ್ನು ತಮ್ಮ ಕಂಕುಳಿಗೇ ಸಿಕ್ಕಿಸಿಕೊಂಡು, ಲಿಫ್ಟಿನ ಕಡೆ ನಡೆದರು.